ಯಂತ್ರ ನಿಂತಿದೆ ಎಂಬ ಮಾತಿಗೆ ಪುರಾವೆ: ಚಲನೆಯ ಮಾಹಿತಿ ಮತ್ತು ಸುರಕ್ಷಿತ ಸಂವಹನ

ಗಣಕ ನಿಯಂತ್ರಿತ ಯಂತ್ರವೊಂದರ ಮುಂದೆ ನಿಂತ ಆಪರೇಟರ್ ರಕ್ಷಣಾ ಬಾಗಿಲನ್ನು ತೆರೆಯುತ್ತಾನೆ. ಜಾಬನ್ನು ಸರಿಯಾಗಿ ಕೂರಿಸುವ ಸಲುವಾಗಿ, ಬಾಗಿಲು ತೆರೆದಿರುವಾಗಲೇ ಯಂತ್ರದ ಮೇಜನ್ನು ತುಸುತುಸುವೇ ಸರಿಸಬೇಕಾಗುತ್ತದೆ. ಮೇಜು ನಿಮಿಷಕ್ಕೆ 2 ಮೀಟರಿಗಿಂತ ಹೆಚ್ಚು ವೇಗದಲ್ಲಿ ಚಲಿಸದು ಎಂಬ ಭರವಸೆಯ ಮೇಲೆ ಆತ ತನ್ನ ಕೈಯನ್ನು ಒಳಗೆ ಇಡುತ್ತಾನೆ. ಈ ಭರವಸೆಯನ್ನು ಕೊಟ್ಟವರು ಯಾರು? ಮಾಲೀಕನೂ ಅಲ್ಲ, ಮೇಲ್ವಿಚಾರಕನೂ ಅಲ್ಲ. ಮೋಟಾರಿನ ಹಿಂಬದಿಯಲ್ಲಿ ಕುಳಿತ ಎನ್‌ಕೋಡರ್ ಎಂಬ ಸಣ್ಣ ಉಪಕರಣ ಮತ್ತು ಅದು ಕೇಬಲಿನ ಮೂಲಕ ಕಳುಹಿಸುವ ಸಂದೇಶ ಇವೆರಡೇ ಆ ಭರವಸೆಯ ಆಧಾರ. ಸಂದೇಶ ಸುಳ್ಳಾದರೆ ಕೈ ಹೋಗುತ್ತದೆ.

ಹಿಂದಿನ ಯಂತ್ರಗಳಲ್ಲಿ ವ್ಯವಸ್ಥೆ ಸರಳವಾಗಿತ್ತು. ಬಾಗಿಲು ತೆರೆದೊಡನೆ ಸ್ವಿಚ್ಚು ಕಾಂಟ್ಯಾಕ್ಟರನ್ನು ಬಿಡಿಸುತ್ತಿತ್ತು, ವಿದ್ಯುತ್ತು ಕಡಿತವಾಗುತ್ತಿತ್ತು, ಯಂತ್ರ ನಿಲ್ಲುತ್ತಿತ್ತು. ಸುರಕ್ಷತೆಗೆಂದೇ ಪ್ರತ್ಯೇಕ ತಂತಿ ಇರುತ್ತಿತ್ತು. ಇಂದಿನ ಯಂತ್ರಗಳಲ್ಲಿ ಹತ್ತಾರು ಮೋಟಾರುಗಳು, ಡ್ರೈವ್‌ಗಳು ಮತ್ತು ಸಂವೇದಕಗಳು ಒಂದೇ ಜಾಲದ ಕೇಬಲಿಗೆ ಜೋಡಿಸಲ್ಪಟ್ಟಿರುತ್ತವೆ. ಉತ್ಪಾದನೆಯ ಆಜ್ಞೆಗಳೂ ಸುರಕ್ಷತೆಯ ಸಂದೇಶಗಳೂ ಅದೇ ಕೇಬಲಿನಲ್ಲಿ ಸಾಗುತ್ತವೆ. ಇದರಿಂದ ತಂತಿಯ ವೆಚ್ಚ ಉಳಿಯಿತು, ದೋಷ ಹುಡುಕುವುದು ಸುಲಭವಾಯಿತು, ಯಂತ್ರವನ್ನು ಪೂರ್ತಿ ನಿಲ್ಲಿಸದೆ ನಿಧಾನ ವೇಗದಲ್ಲಿ ನಡೆಸುವ ಅನುಕೂಲವೂ ದೊರೆಯಿತು. ಆದರೆ ತಂತಿಯ ಜಾಗಕ್ಕೆ ಸಂದೇಶ ಬಂದಾಗ, ಆ ಸಂದೇಶವನ್ನು ಏಕೆ ನಂಬಬೇಕು ಎಂಬ ಪ್ರಶ್ನೆಯೂ ಜೊತೆಯಲ್ಲೇ ಬಂದಿತು. ಯಂತ್ರ ಕೊಳ್ಳುವವರು, ಯಂತ್ರ ತಯಾರಿಸುವವರು ಮತ್ತು ಬಿಡಿಭಾಗಗಳನ್ನು ಮಾರುವವರು ಇಂಜಿನಿಯರುಗಳಲ್ಲದಿದ್ದರೂ ಈ ಪ್ರಶ್ನೆಗೆ ಉತ್ತರ ತಿಳಿದಿರುವುದು ಅವಶ್ಯ.

ಎನ್‌ಕೋಡರ್ ಏನು ಹೇಳುತ್ತದೆ?

ಎನ್‌ಕೋಡರಿನ ಒಳಗೆ ಸೂಕ್ಷ್ಮ ಗೆರೆಗಳುಳ್ಳ ಒಂದು ತಟ್ಟೆಯಿದ್ದು, ಅದು ಮೋಟಾರಿನ ಶಾಫ್ಟಿನೊಡನೆ ತಿರುಗುತ್ತದೆ. ಗೆರೆಗಳನ್ನು ಬೆಳಕಿನಿಂದಲೋ ಕಾಂತೀಯ ವಿಧಾನದಿಂದಲೋ ಓದಿ, ಶಾಫ್ಟು ಎಷ್ಟು ತಿರುಗಿತು, ಯಾವ ದಿಕ್ಕಿಗೆ ತಿರುಗಿತು ಎಂಬುದನ್ನು ಅದು ತಿಳಿಸುತ್ತದೆ. ಈ ಲೆಕ್ಕದಿಂದಲೇ ಸ್ಥಾನ ಮತ್ತು ವೇಗ ದೊರೆಯುತ್ತವೆ. ಚಲನೆಯ ಮಾಹಿತಿ ಎಂದು ಕರೆಯುವುದು ಇದನ್ನೇ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಎನ್‌ಕೋಡರ್ ಕೆಟ್ಟಾಗ ಎಲ್ಲ ಸಲವೂ ಗದ್ದಲ ಮಾಡುವುದಿಲ್ಲ. ಅದು ಕೊನೆಯ ಬಾರಿ ಓದಿದ ಸಂಖ್ಯೆಯನ್ನೇ ಪದೇ ಪದೇ ಹೇಳುತ್ತಿರಬಹುದು. ಸ್ಥಾನ ಬದಲಾಗದಿದ್ದರೆ ವೇಗ ಸೊನ್ನೆ ಎಂದೇ ಅರ್ಥ. ಹೀಗಾಗಿ ಸತ್ತುಹೋದ ಎನ್‌ಕೋಡರ್ ಮತ್ತು ನಿಜವಾಗಿ ನಿಂತಿರುವ ಯಂತ್ರ ಇವೆರಡೂ ನಿಯಂತ್ರಕದ ಕಣ್ಣಿಗೆ ಒಂದೇ ರೀತಿ ಕಾಣಬಹುದು. ವ್ಯವಹಾರದಲ್ಲಿ ಮೌನವನ್ನು ಸಮ್ಮತಿಯ ಲಕ್ಷಣವೆಂದು ಎಣಿಸುವುದುಂಟು. ಸುರಕ್ಷತೆಯಲ್ಲಿ ಮೌನವನ್ನು ಅಪಾಯದ ಲಕ್ಷಣವೆಂದೇ ಎಣಿಸತಕ್ಕದ್ದು.

ಇದಕ್ಕಾಗಿ ಸುರಕ್ಷತಾ ದರ್ಜೆಯ ಎನ್‌ಕೋಡರುಗಳಲ್ಲಿ ಒಂದು ಮಾಹಿತಿಯನ್ನು ಇನ್ನೊಂದರಿಂದ ತಾಳೆ ನೋಡುವ ವ್ಯವಸ್ಥೆ ಇರುತ್ತದೆ. ಸೈನ್-ಕೊಸೈನ್ ಮಾದರಿಯ ಎನ್‌ಕೋಡರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದು ಎರಡು ಸಂಕೇತಗಳನ್ನು ಹೊರಡಿಸುತ್ತದೆ. ಯಾವುದೇ ಕೋನದಲ್ಲಿ ಸೈನ್ ವರ್ಗಕ್ಕೆ ಕೊಸೈನ್ ವರ್ಗವನ್ನು ಕೂಡಿದರೆ ಮೊತ್ತ 1 ಆಗಬೇಕೆಂಬುದು ಪ್ರೌಢಶಾಲೆಯ ಗಣಿತ. ಡ್ರೈವ್ ಈ ಮೊತ್ತವನ್ನು ಸತತವಾಗಿ ಪರೀಕ್ಷಿಸುತ್ತದೆ. ಒಂದು ತಂತಿ ತುಂಡಾದರೂ ಒಂದು ಸಂಕೇತ ಹೆಪ್ಪುಗಟ್ಟಿದರೂ ಶಾಫ್ಟು ತಿರುಗತೊಡಗಿದಂತೆ ಮೊತ್ತ ತಪ್ಪುತ್ತದೆ, ದೋಷ ಬಯಲಾಗುತ್ತದೆ. ಡಿಜಿಟಲ್ ಮಾದರಿಗಳಲ್ಲಿ ಎರಡು ಸ್ಥಾನಮೌಲ್ಯಗಳನ್ನು ಬೇರೆ ಬೇರೆಯಾಗಿ ರೂಪಿಸಿ ಕಳುಹಿಸುವ ಪದ್ಧತಿಯಿದ್ದು, ಪಡೆಯುವ ಕಡೆಯಲ್ಲಿ ಅವನ್ನು ಹೋಲಿಸಿ ನೋಡಲಾಗುತ್ತದೆ. ನಗದನ್ನು ಇಬ್ಬರು ಎಣಿಸಿ ಶಿಲ್ಕನ್ನು ಹೊಂದಿಸುವ ಕ್ರಮದಂತೆಯೇ ಇದು.

ಆದರೆ ತಾಳೆಪಟ್ಟಿ ಸರಿಹೊಂದಿದ ಮಾತ್ರಕ್ಕೆ ಲೆಕ್ಕವೆಲ್ಲ ಸರಿಯಾಗಿದೆ ಎಂದಾಗದು. ಪುಸ್ತಕಕ್ಕೇ ಬಾರದ ವ್ಯವಹಾರ ತಾಳೆಪಟ್ಟಿಯಲ್ಲಿ ಕಾಣಿಸದು. ಅಂತೆಯೇ, ಮೋಟಾರಿನ ಶಾಫ್ಟಿಗೂ ಎನ್‌ಕೋಡರಿಗೂ ನಡುವಿನ ಕಪ್ಲಿಂಗ್ ಸಡಿಲವಾಗಿ ಜಾರಿದರೆ, ಮೋಟಾರು ತಿರುಗುತ್ತಿರುತ್ತದೆ, ಎನ್‌ಕೋಡರಿನ ತಟ್ಟೆ ನಿಂತಿರುತ್ತದೆ. ಸೈನ್-ಕೊಸೈನ್ ಮೊತ್ತ ಆಗಲೂ 1 ಆಗಿಯೇ ಇರುತ್ತದೆ. ಸಂದೇಶ ನಿರ್ದೋಷ, ಸಂಗತಿ ಮಾತ್ರ ಸುಳ್ಳು. ಈ ಕಾರಣಕ್ಕಾಗಿಯೇ ಸುರಕ್ಷತಾ ಎನ್‌ಕೋಡರಿನ ತಯಾರಕರು ಜೋಡಣೆಯ ಬಗೆ, ಸ್ಕ್ರೂವಿನ ದರ್ಜೆ, ಬಿಗಿಯುವ ಬಲದ ಪ್ರಮಾಣ, ಸ್ಕ್ರೂ ಸಡಿಲವಾಗದಂತೆ ತಡೆಯುವ ವಿಧಾನ ಇವುಗಳನ್ನು ಕೈಪಿಡಿಯಲ್ಲಿ ನಿರ್ದಿಷ್ಟವಾಗಿ ಬರೆದಿರುತ್ತಾರೆ. ಆ ಸೂಚನೆಗಳನ್ನು ಪಾಲಿಸಿದಾಗ ಮಾತ್ರ ಜೋಡಣೆ ಜಾರದು ಎಂದು ಇಟ್ಟುಕೊಳ್ಳಲು ಅವಕಾಶವಿದೆ. ಎರಡು ಸ್ಕ್ರೂಗಳ ಅಸಡ್ಡೆಯಿಂದ ಇಡೀ ಸುರಕ್ಷತಾ ಪ್ರಮಾಣಪತ್ರದ ಬೆಲೆ ಕಳೆದುಹೋಗಬಹುದು.

ನಿಲ್ಲಿಸುವುದು ಬೇರೆ, ನಿಧಾನವಾಗಿ ನಡೆಸುವುದು ಬೇರೆ

ಡ್ರೈವ್‌ಗಳ ಸುರಕ್ಷತಾ ಕಾರ್ಯಗಳನ್ನು ಐಇಸಿ 61800-5-2 ಎಂಬ ಅಂತರರಾಷ್ಟ್ರೀಯ ಮಾನಕ ವಿವರಿಸುತ್ತದೆ. ಅದರ ಮೊದಲ ಆವೃತ್ತಿ 2007ರಲ್ಲೂ ಎರಡನೆಯದು 2016ರಲ್ಲೂ ಹೊರಬಂದವು. ಎನ್‌ಕೋಡರುಗಳಿಗೆಂದೇ ಐಇಸಿ 61800-5-3 ಎಂಬ ಪ್ರತ್ಯೇಕ ಮಾನಕ 2021ರಲ್ಲಿ ಪ್ರಕಟವಾಯಿತು. ಮಾರಾಟಗಾರರ ಕರಪತ್ರಗಳಲ್ಲಿ ಕಾಣುವ ಸಂಕ್ಷಿಪ್ತ ಹೆಸರುಗಳಲ್ಲಿ ಮುಖ್ಯವಾದವು ಹೀಗಿವೆ.

ಎಸ್‌ಟಿಒ: ಮೋಟಾರಿಗೆ ತಿರುಗುವ ಬಲವನ್ನು ಕೊಡುವ ವಿದ್ಯುತ್ತನ್ನು ತಡೆಯುವುದು. ಇದಕ್ಕೆ ಎನ್‌ಕೋಡರಿನ ಅಗತ್ಯವಿಲ್ಲ.

ಎಸ್‌ಎಸ್‌1: ವೇಗವನ್ನು ಹತೋಟಿಯಲ್ಲಿ ಇಳಿಸಿ ನಿಲ್ಲಿಸಿ, ಬಳಿಕ ಎಸ್‌ಟಿಒ ಜಾರಿಗೊಳಿಸುವುದು.

ಎಸ್‌ಒಎಸ್: ಮೋಟಾರಿಗೆ ವಿದ್ಯುತ್ತು ಇದ್ದಂತೆಯೇ ಅದು ನಿಂತ ಸ್ಥಾನದಿಂದ ಸರಿಯದಂತೆ ಕಾಯುವುದು.

ಎಸ್‌ಎಲ್‌ಎಸ್: ನಿಗದಿತ ವೇಗವನ್ನು ಮೀರದಂತೆ ಕಾಯುವುದು.

ಎಸ್‌ಬಿಸಿ: ಬ್ರೇಕನ್ನು ಸುರಕ್ಷಿತವಾಗಿ ಹತೋಟಿಯಲ್ಲಿಡುವುದು.

ವ್ಯಾಪಾರದ ಮಾತುಕತೆಯಲ್ಲಿ ಬಹಳ ಗೊಂದಲ ಉಂಟಾಗುವುದು ಇಲ್ಲಿಯೇ. ‘ಈ ಡ್ರೈವ್ ಸೇಫ್ಟಿ ಇರುವಂಥದ್ದು’ ಎಂದು ಹೇಳಿದಾಗ ಅದರಲ್ಲಿ ಎಸ್‌ಟಿಒ ಮಾತ್ರ ಇರಬಹುದು. ಬಾಗಿಲು ತೆರೆದು ನಿಧಾನ ವೇಗದಲ್ಲಿ ಕೆಲಸ ಮಾಡಬೇಕಾದ ಯಂತ್ರಕ್ಕೆ ಅದು ಸಾಲದು. ಅಲ್ಲಿ ವೇಗವನ್ನು ಕಾಯುವ ಎಸ್‌ಎಲ್‌ಎಸ್ ಬೇಕು, ಅದಕ್ಕೆ ನಂಬಲರ್ಹವಾದ ಚಲನೆಯ ಮಾಹಿತಿ ಬೇಕು. ಇನ್ನೊಂದು ಎಚ್ಚರಿಕೆಯೂ ಅಗತ್ಯ. ಮೇಲೆ ಕೆಳಗೆ ಚಲಿಸುವ ಭಾಗಗಳಲ್ಲಿ ಎಸ್‌ಟಿಒ ಜಾರಿಯಾದೊಡನೆ ಮೋಟಾರು ಭಾರವನ್ನು ಹಿಡಿದಿಡುವುದನ್ನು ಬಿಟ್ಟುಬಿಡುತ್ತದೆ. ಬ್ರೇಕು ಸರಿಯಿಲ್ಲದಿದ್ದರೆ ಭಾರ ತನ್ನಷ್ಟಕ್ಕೆ ಕೆಳಗೆ ಬೀಳುತ್ತದೆ. ವಿದ್ಯುತ್ತು ಹೋದರೆ ಅಪಾಯವೂ ಹೋಯಿತು ಎಂಬ ಹಳೆಯ ನಂಬಿಕೆ ಇಲ್ಲಿ ಸಲ್ಲದು.

ದಾರಿಯನ್ನು ನಂಬದ ಸಂದೇಶ

ಜಾಲದಲ್ಲಿ ಸಾಗುವ ಸಂದೇಶಕ್ಕೆ ಏನೇನು ಆಗಬಹುದು? ಅದರ ಅಂಕಿಗಳು ಕೆಡಬಹುದು. ಒಮ್ಮೆ ಬಂದ ಸಂದೇಶ ಮತ್ತೊಮ್ಮೆ ಬರಬಹುದು. ಹಿಂದುಮುಂದಾಗಬಹುದು. ಕಳೆದುಹೋಗಬಹುದು. ತಡವಾಗಬಹುದು. ಎಲ್ಲಿಂದಲೋ ಬಂದ ಸಂದೇಶ ನಡುವೆ ಸೇರಿಕೊಳ್ಳಬಹುದು. ಸಾಮಾನ್ಯ ಸಂದೇಶವೊಂದು ಸುರಕ್ಷತಾ ಸಂದೇಶದ ವೇಷದಲ್ಲಿ ಬರಬಹುದು. ಒಬ್ಬರಿಗೆ ಹೋಗಬೇಕಾದದ್ದು ಇನ್ನೊಬ್ಬರಿಗೆ ಹೋಗಬಹುದು. ಸುರಕ್ಷತಾ ಸಂವಹನದ ಮಾನಕವಾದ ಐಇಸಿ 61784-3 ಈ ಎಲ್ಲ ದೋಷಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಇವನ್ನು ತಡೆಯಲು ಕೇಬಲು, ಸ್ವಿಚ್ಚು, ಜಾಲದ ಚಿಪ್ಪು ಎಲ್ಲವನ್ನೂ ಅತ್ಯುನ್ನತ ದರ್ಜೆಗೆ ಏರಿಸುವುದು ಒಂದು ದಾರಿ. ಅದು ದುಬಾರಿ. ಇನ್ನೊಂದು ದಾರಿಯೆಂದರೆ ನಡುವಿನ ಮಾರ್ಗವನ್ನು ಸ್ವಲ್ಪವೂ ನಂಬದೆ, ಸಂದೇಶವೇ ತನ್ನ ಪುರಾವೆಯನ್ನು ತಾನೇ ಹೊತ್ತು ಸಾಗುವಂತೆ ಮಾಡುವುದು. ಈ ಎರಡನೆಯ ತತ್ವಕ್ಕೆ ‘ಬ್ಲ್ಯಾಕ್ ಚಾನಲ್’ ಎಂದು ಹೆಸರು. ಮಾರ್ಗದ ಒಳಗೆ ಏನಿದೆಯೆಂದು ನೋಡುವ ಗೊಡವೆಯೇ ಇಲ್ಲ, ತಲುಪಿದ ಸಂದೇಶವನ್ನು ಎರಡು ತುದಿಗಳಲ್ಲಿರುವ ಸುರಕ್ಷತಾ ಘಟಕಗಳು ಪರೀಕ್ಷಿಸುತ್ತವೆ. 1999ರಲ್ಲಿ ಹೊರಬಂದ ಪ್ರೊಫಿಸೇಫ್, ಹಾಗೆಯೇ ಸಿಐಪಿ ಸೇಫ್ಟಿ, ಈಥರ್‌ಕ್ಯಾಟ್ ಜಾಲದ ಎಫ್‌ಎಸ್‌ಒಇ ಇವೆಲ್ಲ ಈ ತತ್ವವನ್ನೇ ಅನುಸರಿಸುತ್ತವೆ. ತತ್ವ ಒಂದೇ ಆದರೂ ಭಾಷೆ ಬೇರೆ ಬೇರೆ. ಪ್ರೊಫಿಸೇಫ್ ಎನ್‌ಕೋಡರನ್ನು ತಂದು ಎಫ್‌ಎಸ್‌ಒಇ ನಿಯಂತ್ರಕಕ್ಕೆ ನೇರವಾಗಿ ಜೋಡಿಸಲಾಗದು.

ಸರಕು ಲಾರಿಯ ಹೋಲಿಕೆ

ವ್ಯಾಪಾರಿಗಳಿಗೆ ಈ ತತ್ವ ಹೊಸದೇನಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸರಕು ಕಳುಹಿಸುವಾಗ ಲಾರಿ ಯಾರದೋ, ಚಾಲಕ ಯಾರೋ, ದಾರಿಯಲ್ಲಿ ಏನಾಗುವುದೋ ತಿಳಿಯದು. ಆದರೂ ವ್ಯವಹಾರ ನಡೆಯುತ್ತದೆ. ಸರಕಿನ ಜೊತೆ ಸಾಗುವ ಕಾಗದಪತ್ರಗಳೇ ಅದಕ್ಕೆ ಕಾರಣ. ಸುರಕ್ಷತಾ ಸಂದೇಶದಲ್ಲಿರುವ ನಾಲ್ಕು ರಕ್ಷಣೆಗಳನ್ನು ಈ ಕಾಗದಪತ್ರಗಳೊಡನೆ ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ.

ಮೊದಲನೆಯದು ಕ್ರಮಸಂಖ್ಯೆ. ಇನ್‌ವಾಯ್ಸಿಗೆ ಕ್ರಮಸಂಖ್ಯೆ ಇರುವಂತೆ ಪ್ರತಿ ಸಂದೇಶಕ್ಕೂ ಸಂಖ್ಯೆಯಿರುತ್ತದೆ. 41ರ ಬಳಿಕ 43 ಬಂದರೆ ಒಂದು ಕಳೆದುಹೋಗಿದೆ. 41 ಎರಡು ಬಾರಿ ಬಂದರೆ ಹಳೆಯದೇ ಮರಳಿ ಬಂದಿದೆ. ಹೆಪ್ಪುಗಟ್ಟಿದ ಜಾಲ ಹಳೆಯ ವೇಗವನ್ನೇ ಹೇಳುತ್ತಿದ್ದರೆ ಅದು ಸಿಕ್ಕಿಬೀಳುವುದು ಇಲ್ಲಿ.

ಎರಡನೆಯದು ಕಾಲಮಿತಿ. ಇ-ವೇ ಬಿಲ್ಲಿಗೆ ಅವಧಿಯಿದೆ. ಸಾಮಾನ್ಯ ಸರಕಿಗೆ 200 ಕಿ.ಮೀ. ದೂರಕ್ಕೆ ಒಂದು ದಿನ. ಅವಧಿ ಮೀರಿದ ಬಿಲ್ಲು ಸಲ್ಲದು. ಸುರಕ್ಷತಾ ಸಂದೇಶಕ್ಕೂ ಅವಧಿಯಿದೆ, ಆದರೆ ಅದನ್ನು ಸೆಕೆಂಡಿನ ಸಾವಿರದ ಒಂದು ಭಾಗವಾದ ಮಿಲಿಸೆಕೆಂಡುಗಳಲ್ಲಿ ಎಣಿಸಲಾಗುತ್ತದೆ. ಗೊತ್ತಾದ ಅವಧಿಯೊಳಗೆ ಹೊಸ ಸಂದೇಶ ಬಾರದಿದ್ದರೆ, ಪಡೆಯುವ ಘಟಕ ಕಾಯುತ್ತ ಕೂರದೆ ಯಂತ್ರವನ್ನು ಸುರಕ್ಷಿತ ಸ್ಥಿತಿಗೆ ಒಯ್ಯುತ್ತದೆ.

ಮೂರನೆಯದು ಕಳುಹಿಸುವವರ ಮತ್ತು ಪಡೆಯುವವರ ಗುರುತು. ಇನ್‌ವಾಯ್ಸಿನಲ್ಲಿ ಎರಡೂ ಕಡೆಯವರ ಜಿಎಸ್‌ಟಿ ಸಂಖ್ಯೆ ಇರುವಂತೆ, ಪ್ರತಿ ಸುರಕ್ಷತಾ ಸಂಪರ್ಕಕ್ಕೂ ಅದರದೇ ಆದ ಗುರುತು ಇರುತ್ತದೆ. ಎರಡನೇ ಯಂತ್ರದ ಎನ್‌ಕೋಡರ್ ಕಳುಹಿಸಿದ ವೇಗವನ್ನು ಮೊದಲನೇ ಯಂತ್ರ ತನ್ನದೆಂದು ಸ್ವೀಕರಿಸದಂತೆ ಇದು ತಡೆಯುತ್ತದೆ. ಸಣ್ಣ ಯಂತ್ರ ತಯಾರಕರು ಒಂದು ಯಂತ್ರದ ಪ್ರೋಗ್ರಾಮನ್ನು ನಕಲು ಮಾಡಿ ಮುಂದಿನ ಯಂತ್ರಗಳಿಗೆ ಹಾಕುವುದು ರೂಢಿ. ಹಾಗೆ ಮಾಡುವಾಗ ಈ ಗುರುತುಗಳನ್ನು ಬದಲಿಸಲು ಮರೆತು, ಗ್ರಾಹಕನ ಕಾರ್ಖಾನೆಯಲ್ಲಿ ಎರಡೂ ಯಂತ್ರಗಳು ಒಂದೇ ಜಾಲಕ್ಕೆ ಸೇರಿದರೆ, ಮೂರನೆಯ ರಕ್ಷಣೆ ಇಲ್ಲದಂತೆಯೇ ಸರಿ.

ನಾಲ್ಕನೆಯದು ಪರಿಶೀಲನಾ ಅಂಕಿ. ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳಲ್ಲಿ ಕೊನೆಯದು ಮೊದಲ 14ರಿಂದ ಲೆಕ್ಕ ಹಾಕಿ ಬರೆದ ಪರಿಶೀಲನಾ ಅಕ್ಷರ. ಒಂದಂಕಿ ತಪ್ಪಿದರೆ ಗಣಕ ಅದನ್ನು ತಿರಸ್ಕರಿಸುತ್ತದೆ. ಸುರಕ್ಷತಾ ಸಂದೇಶದಲ್ಲಿಯೂ ಎಲ್ಲ ಮಾಹಿತಿಯಿಂದ ಲೆಕ್ಕ ಹಾಕಿದ, ಇದಕ್ಕಿಂತ ಬಹಳ ಬಲವಾದ ಸಿಆರ್‌ಸಿ ಎಂಬ ಪರಿಶೀಲನಾ ಸಂಖ್ಯೆ ಇರುತ್ತದೆ. ದಾರಿಯಲ್ಲಿ ವಿದ್ಯುತ್ ಗದ್ದಲದಿಂದ ಅಂಕಿ ಕೆಟ್ಟರೆ ಅದು ಪತ್ತೆಯಾಗುತ್ತದೆ.

ಈ ನಾಲ್ಕರಲ್ಲಿ ಯಾವುದೊಂದು ತಪ್ಪಿದರೂ ಸಂದೇಶವನ್ನು ಸುಳ್ಳೆಂದೇ ಪರಿಗಣಿಸಲಾಗುತ್ತದೆ. ಸಂದೇಹದ ಲಾಭ ಯಂತ್ರಕ್ಕಲ್ಲ, ಮನುಷ್ಯನಿಗೆ.

ಕಾಲಮಿತಿಯ ಬೆಲೆ: ಒಂದು ಲೆಕ್ಕ

ಕಾರ್ಖಾನೆಗಳಲ್ಲಿ ಅತಿ ಹೆಚ್ಚು ಕೈಯಾಡಿಸಲ್ಪಡುವುದು ಕಾಲಮಿತಿಯಲ್ಲಿಯೇ. ಯಂತ್ರ ಆಗಾಗ ಕಾರಣವಿಲ್ಲದೆ ನಿಲ್ಲುತ್ತಿದೆ ಎಂಬ ದೂರು ಬರುತ್ತದೆ. ಉತ್ಪಾದನೆ ಕುಂಠಿತವಾಗುತ್ತದೆ. ದುರಸ್ತಿಗೆ ಬಂದವರು ಕಾಲಮಿತಿಯನ್ನು 50 ಮಿಲಿಸೆಕೆಂಡಿನಿಂದ 150ಕ್ಕೆ ಏರಿಸಿ ಹೋಗುತ್ತಾರೆ. ಯಂತ್ರ ನಿಲ್ಲುವುದು ತಪ್ಪುತ್ತದೆ, ಎಲ್ಲರಿಗೂ ಸಮಾಧಾನ. ಸೆಕೆಂಡಿನ ಹತ್ತನೇ ಒಂದು ಭಾಗ ಯಾವ ಲೆಕ್ಕ ಎನಿಸುತ್ತದೆ. ಆ ಲೆಕ್ಕವನ್ನೇ ಈಗ ನೋಡಬಹುದು.

ಮೇಜಿನ ಗರಿಷ್ಠ ವೇಗ ನಿಮಿಷಕ್ಕೆ 30 ಮೀಟರ್ ಎಂದು ಇಟ್ಟುಕೊಂಡರೆ, ಅದು ಸೆಕೆಂಡಿಗೆ 500 ಮಿಲಿಮೀಟರ್. ಬಾಗಿಲು ತೆರೆದಿರುವಾಗ ದೋಷವುಂಟಾಗಿ ಮೇಜು ಪೂರ್ಣ ವೇಗದಲ್ಲಿ ಓಡಿತೆಂದು ಭಾವಿಸಿದರೆ, ದೋಷ ಪತ್ತೆಯಾಗುವ ಮುನ್ನವೇ ಅದು ಸಾಗುವ ದೂರ ಹೀಗಿರುತ್ತದೆ:

50 ಮಿಲಿಸೆಕೆಂಡು ತಡವಾದರೆ: 25 ಮಿ.ಮೀ.
100 ಮಿಲಿಸೆಕೆಂಡು ತಡವಾದರೆ: 50 ಮಿ.ಮೀ.
150 ಮಿಲಿಸೆಕೆಂಡು ತಡವಾದರೆ: 75 ಮಿ.ಮೀ.
300 ಮಿಲಿಸೆಕೆಂಡು ತಡವಾದರೆ: 150 ಮಿ.ಮೀ.

ಬ್ರೇಕು ಹಿಡಿದ ಮೇಲೆ ನಿಲ್ಲುವವರೆಗಿನ ದೂರ ಇದಕ್ಕೆ ಹೆಚ್ಚುವರಿ. 25 ಮಿಲಿಮೀಟರ್ ಎಂದರೆ ಬೆರಳ ತುದಿ. 75 ಎಂದರೆ ಪೂರ್ತಿ ಬೆರಳು. ಕಾಲಮಿತಿಯನ್ನು ಏರಿಸಿದವರು ಉಳಿಸಿದ್ದು ಕೆಲವು ನಿಮಿಷಗಳ ಉತ್ಪಾದನೆಯನ್ನು, ಪಣಕ್ಕೆ ಇಟ್ಟದ್ದು ಇದನ್ನು.

ವೇಗವನ್ನು ಕಾಯುವ ಕೆಲಸ ಎಲ್ಲಿ ನಡೆಯುತ್ತದೆ ಎಂಬುದೂ ಈ ಲೆಕ್ಕಕ್ಕೆ ಸಂಬಂಧಿಸಿದೆ. ಎನ್‌ಕೋಡರಿನ ಮಾಹಿತಿ ನೇರವಾಗಿ ಡ್ರೈವಿಗೆ ಬಂದು, ಡ್ರೈವಿನ ಒಳಗೇ ಎಸ್‌ಎಲ್‌ಎಸ್ ಪರೀಕ್ಷೆ ನಡೆದರೆ, ವೇಗ ಮೀರಿದ್ದನ್ನು ಪತ್ತೆ ಮಾಡಲು ಜಾಲವನ್ನು ಕಾಯಬೇಕಿಲ್ಲ. ‘ಬಾಗಿಲು ತೆರೆದಿದೆ, ನಿಧಾನ ವೇಗವನ್ನು ಕಾಯಿರಿ’ ಎಂಬ ಆಜ್ಞೆ ಮಾತ್ರ ಜಾಲದಲ್ಲಿ ಬರುತ್ತದೆ. ಬದಲಿಗೆ ಎನ್‌ಕೋಡರ್ ಜಾಲದ ಮೂಲಕ ಸುರಕ್ಷತಾ ಪಿಎಲ್‌ಸಿಗೆ ವೇಗವನ್ನು ತಿಳಿಸಿ, ಪಿಎಲ್‌ಸಿ ಯೋಚಿಸಿ, ಮತ್ತೆ ಜಾಲದ ಮೂಲಕವೇ ಡ್ರೈವಿಗೆ ಆಜ್ಞೆ ಕಳುಹಿಸುವುದಾದರೆ, ಪ್ರತಿ ಹೆಜ್ಜೆಯ ಕಾಲವೂ ಕೂಡುತ್ತ ಹೋಗುತ್ತದೆ. ಎರಡೂ ಕ್ರಮಗಳು ಮಾನ್ಯ. ಆದರೆ ಎರಡನೆಯದರಲ್ಲಿ ಒಟ್ಟು ಕಾಲವನ್ನು ಲೆಕ್ಕ ಹಾಕಿ, ಅಪಾಯದ ಭಾಗಕ್ಕೂ ಮನುಷ್ಯನಿಗೂ ಇರಬೇಕಾದ ಅಂತರವನ್ನು ಅದಕ್ಕೆ ತಕ್ಕಂತೆ ನಿಗದಿಪಡಿಸುವುದು ಕಡ್ಡಾಯವೆಂದೇ ತಿಳಿಯಬೇಕು.

ಯಂತ್ರ ಪದೇ ಪದೇ ನಿಲ್ಲುತ್ತಿದ್ದರೆ ಕಾರಣವನ್ನು ಹುಡುಕಬೇಕು. ಕೇಬಲಿನ ಲೋಹದ ಹೊದಿಕೆ ಕಿತ್ತುಹೋಗಿರುವುದು, ಅರ್ಥಿಂಗ್ ಸರಿಯಿಲ್ಲದಿರುವುದು, ಎನ್‌ಕೋಡರ್ ಕೇಬಲನ್ನೂ ಮೋಟಾರಿನ ವಿದ್ಯುತ್ ಕೇಬಲನ್ನೂ ಬೇಕಾಬಿಟ್ಟಿ ಒಟ್ಟಿಗೆ ಕಟ್ಟಿರುವುದು, ಕನೆಕ್ಟರ್ ಸಡಿಲವಾಗಿರುವುದು, ಜಾಲದ ಮೇಲೆ ಅತಿಯಾದ ಹೊರೆ ಬಿದ್ದಿರುವುದು ಇವು ಸಾಮಾನ್ಯ ಕಾರಣಗಳು. ಸುರಕ್ಷತಾ ವ್ಯವಸ್ಥೆ ಯಂತ್ರವನ್ನು ನಿಲ್ಲಿಸಿದಾಗ ಅದು ತನ್ನ ಕೆಲಸವನ್ನೇ ಮಾಡುತ್ತಿರುತ್ತದೆ.

ಇಡೀ ಸರಪಳಿಯ ಲೆಕ್ಕ

ಕಾರ್ಯಾತ್ಮಕ ಸುರಕ್ಷತೆಯ ಮೂಲ ಮಾನಕ ಐಇಸಿ 61508. ಅದು ಸಿಲ್ ಎಂಬ ನಾಲ್ಕು ಮಟ್ಟಗಳನ್ನು ಗೊತ್ತುಪಡಿಸಿದೆ. ಸತತವಾಗಿ ಬಳಸುವ ವ್ಯವಸ್ಥೆಗಳಲ್ಲಿ ಸಿಲ್ 2 ಎಂದರೆ ಅಪಾಯಕಾರಿ ವೈಫಲ್ಯದ ಸಂಭವ 10 ಲಕ್ಷ ಗಂಟೆಗೆ ಒಂದಕ್ಕಿಂತ ಕಡಿಮೆ, ಸಿಲ್ 3 ಎಂದರೆ 1 ಕೋಟಿ ಗಂಟೆಗೆ ಒಂದಕ್ಕಿಂತ ಕಡಿಮೆ. ಐಎಸ್‌ಒ 13849-1 ಮಾನಕವು ಇದನ್ನೇ ಪಿಎಲ್ ಎಂಬ ಹೆಸರಿನಲ್ಲಿ ಎ ಇಂದ ಇ ವರೆಗಿನ ಐದು ಮಟ್ಟಗಳಾಗಿ ಹೇಳುತ್ತದೆ. ಇಡೀ ಮಟ್ಟದ ಮಿತಿಯಲ್ಲಿ ಸಂವಹನದ ಪಾಲು ಶೇಕಡಾ 1ನ್ನು ಮೀರಬಾರದೆಂಬುದು ಐಇಸಿ 61784-3 ಇಟ್ಟುಕೊಂಡ ಗುರಿ. ಉಳಿದ 99 ಪಾಲು ಎನ್‌ಕೋಡರ್, ಪಿಎಲ್‌ಸಿ ಮತ್ತು ಡ್ರೈವಿನಂಥ ಘಟಕಗಳಿಗೆ.

ಲೆಕ್ಕದ ಕ್ರಮ ತಿಳಿಯಲು ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. 100 ಕೋಟಿ ಗಂಟೆಗೆ ಅಪಾಯಕಾರಿ ವೈಫಲ್ಯದ ಸಂಭವ ಎನ್‌ಕೋಡರಿನದು 40, ಸಂವಹನದ್ದು 1, ಪಿಎಲ್‌ಸಿಯದು 5, ಡ್ರೈವಿನದು 20 ಎಂದಿರಲಿ. ಒಟ್ಟು 66. ಸಿಲ್ 3ಕ್ಕೆ ಈ ಲೆಕ್ಕದಲ್ಲಿ ಮಿತಿ 100, ಸಿಲ್ 2ಕ್ಕೆ 1000. ಮೊತ್ತವೇನೋ ಸಿಲ್ 3ರ ಒಳಗಿದೆ. ಆದರೆ ಎನ್‌ಕೋಡರ್ ಸಿಲ್ 2ಕ್ಕೆ ಮಾತ್ರ ಪ್ರಮಾಣಿತವಾಗಿದ್ದರೆ, ಮೊತ್ತ ಎಷ್ಟೇ ಚಿಕ್ಕದಿದ್ದರೂ ಇಡೀ ಸರಪಳಿ ಸಿಲ್ 2 ಆಗಿಯೇ ಉಳಿಯುತ್ತದೆ. ಸರಪಳಿಯ ಬಲ ಅದರ ದುರ್ಬಲ ಕೊಂಡಿಯಷ್ಟೇ.

ಇನ್ನು ಸುರಕ್ಷತಾ ದರ್ಜೆಯಿಲ್ಲದ ಎನ್‌ಕೋಡರನ್ನು ಆ ಜಾಗದಲ್ಲಿ ಹಾಕಿದರೆ ಏನಾಗುತ್ತದೆ? ಸಂಖ್ಯೆ 40ರಿಂದ 400 ಆಗುವುದಿಲ್ಲ. ಸಂಖ್ಯೆಯೇ ಇಲ್ಲವಾಗುತ್ತದೆ. ವೋಚರಿಲ್ಲದ ಖರ್ಚಿನಂತೆ, ಅದನ್ನು ಯಾವ ಖಾತೆಗೂ ಬರೆಯಲಾಗದು, ಯಾರೂ ದೃಢೀಕರಿಸಲಾರರು.

ಬಿಡಿಭಾಗ ಬದಲಿಸುವಾಗ

ಬಿಡಿಭಾಗಗಳ ವ್ಯಾಪಾರಿಗಳು ಗಮನಿಸಬೇಕಾದ ಸಂಗತಿ ಇಲ್ಲಿದೆ. ಒಂದೇ ಕಂಪನಿಯ ಎರಡು ಎನ್‌ಕೋಡರುಗಳು ನೋಡಲು ಒಂದೇ ರೀತಿ ಇರಬಹುದು. ಶಾಫ್ಟಿನ ಅಳತೆ, ಕನೆಕ್ಟರ್, ಸುತ್ತಿಗೆ ಬರುವ ಎಣಿಕೆ ಎಲ್ಲವೂ ಒಂದೇ. ಒಂದಕ್ಕೆ ಸುರಕ್ಷತಾ ಪ್ರಮಾಣಪತ್ರವಿದೆ, ಇನ್ನೊಂದಕ್ಕಿಲ್ಲ. ವ್ಯತ್ಯಾಸ ಮಾದರಿ ಸಂಖ್ಯೆಯ ಒಂದೆರಡು ಅಕ್ಷರಗಳಲ್ಲಿ ಅಡಗಿರುತ್ತದೆ. ಕಡಿಮೆ ಬೆಲೆಯದನ್ನು ಹಾಕಿದರೂ ಯಂತ್ರ ಚೆನ್ನಾಗಿಯೇ ನಡೆಯಬಹುದು. ಒಪ್ಪದೆ ದೋಷ ತೋರಿಸುವ ಡ್ರೈವ್‌ಗಳಿವೆ, ತೋರಿಸದವೂ ಇವೆ. ಆದ್ದರಿಂದ ‘ಅದಕ್ಕೆ ಸಮಾನವಾದದ್ದು’ ಎಂದು ಮಾರುವ ಮುನ್ನ ಯಾವುದರಲ್ಲಿ ಸಮಾನ ಎಂದು ನೋಡುವುದು ವ್ಯಾಪಾರಿಯ ಹೊಣೆ. ಬದಲಿಸಿದ ಮೇಲೆ ಸುರಕ್ಷತಾ ಕಾರ್ಯವನ್ನು ಮತ್ತೆ ಪರೀಕ್ಷಿಸಿ, ಪರೀಕ್ಷೆಯನ್ನು ದಿನಾಂಕ ಸಹಿತ ದಾಖಲಿಸುವುದು ಬಳಕೆದಾರನ ಹೊಣೆ.

ಹಳೆಯ ಯಂತ್ರಗಳನ್ನು ಕೊಳ್ಳುವವರಿಗೂ ಒಂದು ಮಾತು. ಐಎಸ್‌ಒ 13849-1ರ ಲೆಕ್ಕಗಳಲ್ಲಿ ಸುರಕ್ಷತಾ ಘಟಕಗಳ ಬಳಕೆಯ ಅವಧಿಯನ್ನು ಸಾಮಾನ್ಯವಾಗಿ 20 ವರ್ಷ ಎಂದು ಇಟ್ಟುಕೊಳ್ಳಲಾಗುತ್ತದೆ. 2013ರ ಕಂಪನಿ ಕಾಯಿದೆಯ ಎರಡನೇ ಅನುಸೂಚಿ ಸಾಮಾನ್ಯ ಯಂತ್ರೋಪಕರಣಗಳಿಗೆ 15 ವರ್ಷದ ಆಯುಷ್ಯವನ್ನು ಸೂಚಿಸುತ್ತದೆ. ಪುಸ್ತಕದಲ್ಲಿ ಬೆಲೆ ಕರಗಿಹೋದ ಯಂತ್ರವೂ ದುಡಿಯುತ್ತಲೇ ಇರುವುದನ್ನು ಎಲ್ಲರೂ ಬಲ್ಲರು. ಆದರೆ 25 ವರ್ಷ ಹಳೆಯ ಯಂತ್ರ ಅಗ್ಗವಾಗಿ ದೊರೆತಾಗ, ಅದರ ಎರಕದ ದೇಹ ಗಟ್ಟಿಯಾಗಿದೆಯೆಂದು ಸುರಕ್ಷತಾ ಘಟಕಗಳೂ ಗಟ್ಟಿಯಾಗಿವೆಯೆಂದು ಭಾವಿಸಬಾರದು. ಅವನ್ನು ಬದಲಿಸುವ ವೆಚ್ಚವನ್ನೂ ಕೊಳ್ಳುವ ಬೆಲೆಗೆ ಸೇರಿಸಿಯೇ ಲಾಭನಷ್ಟವನ್ನು ನೋಡತಕ್ಕದ್ದು.

ಕಾನೂನು ಮತ್ತು ಲೆಕ್ಕಪತ್ರ

ಚಲಿಸುವ ಯಂತ್ರಭಾಗಗಳಿಗೆ ಬೇಲಿ ಹಾಕಬೇಕೆಂಬ ಹೊಣೆಯನ್ನು 1948ರ ಕಾರ್ಖಾನೆಗಳ ಕಾಯಿದೆಯ 21ನೇ ಕಲಮು ಕಾರ್ಖಾನೆಯ ಮೇಲೆ ಹೊರಿಸಿತ್ತು. ಯಂತ್ರವನ್ನು ವಿನ್ಯಾಸಗೊಳಿಸುವವರು, ತಯಾರಿಸುವವರು, ಆಮದು ಮಾಡುವವರು ಮತ್ತು ಪೂರೈಸುವವರೂ ಹೊಣೆಗಾರರೆಂದು 1987ರಲ್ಲಿ ಸೇರಿಸಿದ 7ಬಿ ಕಲಮು ಹೇಳಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ಹಳೆಯ ಕಾಯಿದೆಯ ಸ್ಥಾನವನ್ನು ಪಡೆದಿದ್ದು, ಅದರ 8ನೇ ಕಲಮಿನಲ್ಲಿ ಪೂರೈಕೆದಾರರ ಈ ಹೊಣೆ ಮುಂದುವರಿದಿದೆ. ‘ನಾವು ಮಾರುವವರು ಮಾತ್ರ’ ಎಂಬ ಉತ್ತರ ಆಗಲೂ ಸಾಲದಾಗಿತ್ತು, ಈಗಲೂ ಸಾಲದು.

ಯುರೋಪಿಗೆ ಯಂತ್ರ ರಫ್ತು ಮಾಡುವವರು ಇನ್ನೊಂದು ದಿನಾಂಕವನ್ನು ಗುರುತಿಟ್ಟುಕೊಳ್ಳಬೇಕು. ಅಲ್ಲಿನ 2006ರ ಯಂತ್ರೋಪಕರಣ ನಿರ್ದೇಶನದ ಬದಲಿಗೆ 2023ರಲ್ಲಿ ಅಂಗೀಕರಿಸಿದ ಹೊಸ ನಿಯಮಾವಳಿ 2027ರ ಜನವರಿ 20ರಿಂದ ಅನ್ವಯವಾಗುತ್ತದೆ. ಸುರಕ್ಷತೆಗೆ ಸಂಬಂಧಿಸಿದ ತಂತ್ರಾಂಶ ಮತ್ತು ದತ್ತಾಂಶವನ್ನು ಆಕಸ್ಮಿಕವಾಗಲಿ ಉದ್ದೇಶಪೂರ್ವಕವಾಗಲಿ ಕೆಡಿಸದಂತೆ ರಕ್ಷಿಸಬೇಕೆಂಬುದೂ ಅದರಲ್ಲಿ ಸೇರಿದೆ. ಮೇಲೆ ಹೇಳಿದ ನಾಲ್ಕು ರಕ್ಷಣೆಗಳು ಆಕಸ್ಮಿಕ ದೋಷಗಳಿಗೆ ಮದ್ದು. ಬೇಕೆಂದೇ ಜಾಲದೊಳಗೆ ನುಗ್ಗುವವರನ್ನು ತಡೆಯಲು ಪಾಸ್‌ವರ್ಡ್, ಜಾಲದ ವಿಭಜನೆ ಮೊದಲಾದ ಬೇರೆ ಕ್ರಮಗಳು ಬೇಕು.

ಸುರಕ್ಷತೆಗೆ ಹಾಕಿದ ಹಣ ಆದಾಯ ತಾರದ ಖರ್ಚು ಎಂಬ ಭಾವನೆ ಉದ್ಯಮಿಗಳಲ್ಲಿದೆ. ಲೆಕ್ಕಪತ್ರ ಮಾನಕಗಳು ಹಾಗೆ ನೋಡುವುದಿಲ್ಲ. ಸುರಕ್ಷತೆಯ ಕಾರಣಕ್ಕಾಗಿ ಪಡೆದ ಸ್ಥಿರಾಸ್ತಿ ತಾನೇ ಲಾಭವನ್ನು ಹೆಚ್ಚಿಸದಿದ್ದರೂ, ಇತರ ಆಸ್ತಿಗಳಿಂದ ಲಾಭ ಪಡೆಯಲು ಅದು ಅಗತ್ಯವಾಗಿರುವುದರಿಂದ ಅದನ್ನು ಆಸ್ತಿಯೆಂದು ದಾಖಲಿಸಲು ಪರಿಷ್ಕೃತ ಎಎಸ್ 10 ಅವಕಾಶ ಕೊಡುತ್ತದೆ. ಹೊಸ ಯಂತ್ರದೊಡನೆ ಬಂದ ಸುರಕ್ಷತಾ ಎನ್‌ಕೋಡರ್ ಮತ್ತು ಪಿಎಲ್‌ಸಿಯ ವೆಚ್ಚ ಯಂತ್ರದ ಬೆಲೆಯ ಭಾಗವೇ. ಬಂಡವಾಳ ಸರಕಿನ ಮೇಲೆ ತೆತ್ತ ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆಯನ್ನು ಪಡೆಯುವವರು, ಆ ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನು ಕೇಳುವಂತಿಲ್ಲ ಎಂಬುದನ್ನು ನೆನಪಿಡಬೇಕು.

ಖರೀದಿ ಆದೇಶಕ್ಕೆ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಬಾಗಿಲು ತೆರೆದಿರುವಾಗ ಯಂತ್ರ ಪೂರ್ತಿ ನಿಲ್ಲುತ್ತದೆಯೇ, ನಿಧಾನವಾಗಿ ಚಲಿಸುತ್ತದೆಯೇ? ಚಲಿಸುವುದಾದರೆ ವೇಗವನ್ನು ಕಾಯುವ ಕಾರ್ಯ ಯಾವುದು?

2. ಆ ಕಾರ್ಯದ ಇಡೀ ಸರಪಳಿಗೆ ಸಿಲ್ ಅಥವಾ ಪಿಎಲ್ ಮಟ್ಟ ಎಷ್ಟು? ಡ್ರೈವಿನ ಪ್ರಮಾಣಪತ್ರ ಮಾತ್ರ ತೋರಿಸಿದರೆ ಸಾಲದು.

3. ಎನ್‌ಕೋಡರಿಗೆ ಪ್ರತ್ಯೇಕ ಸುರಕ್ಷತಾ ಪ್ರಮಾಣಪತ್ರ ಇದೆಯೇ? ಜೋಡಣೆ ಕೈಪಿಡಿಯಂತೆ ನಡೆದಿದೆಯೇ?

4. ಸುರಕ್ಷತಾ ಸಂವಹನದ ಪದ್ಧತಿ ಯಾವುದು? ಈಗಾಗಲೇ ಇರುವ ಯಂತ್ರಗಳ ಜಾಲಕ್ಕೆ ಅದು ಹೊಂದುತ್ತದೆಯೇ?

5. ಕಾಲಮಿತಿಗಳು ಎಷ್ಟು, ಒಟ್ಟು ಪ್ರತಿಕ್ರಿಯಾ ಕಾಲ ಎಷ್ಟು, ಅದಕ್ಕೆ ತಕ್ಕ ಅಂತರವನ್ನು ಲೆಕ್ಕ ಹಾಕಲಾಗಿದೆಯೇ?

6. ಸುರಕ್ಷತಾ ಪ್ರೋಗ್ರಾಮಿಗೆ ಪಾಸ್‌ವರ್ಡ್ ಇದೆಯೇ? ಅದು ಯಾರ ಬಳಿ ಇರುತ್ತದೆ?

7. ಎನ್‌ಕೋಡರ್ ಕೇಬಲನ್ನು ಕಿತ್ತಾಗ ಯಂತ್ರ ಏನು ಮಾಡುತ್ತದೆಂದು, ಯಾರೂ ಅಪಾಯದ ವಲಯದಲ್ಲಿಲ್ಲದಂತೆ ನೋಡಿಕೊಂಡು, ಪೂರೈಕೆದಾರರ ಇಂಜಿನಿಯರೇ ಪರೀಕ್ಷಿಸಿ ತೋರಿಸುವರೇ?

ಇವುಗಳ ಉತ್ತರಗಳನ್ನು ಬರಹದಲ್ಲಿ ಪಡೆದು ಖರೀದಿ ಆದೇಶದ ಕಡತದಲ್ಲಿ ಇಡುವುದು ಉತ್ತಮ. ಉತ್ತರ ಕೊಡಲಾಗದ ಪೂರೈಕೆದಾರ ಎಷ್ಟು ರಿಯಾಯಿತಿ ಕೊಟ್ಟರೂ ಅವನ ಯಂತ್ರ ಅಗ್ಗದ್ದಲ್ಲ.

ವ್ಯಾಪಾರದಲ್ಲಿ ಬಾಯಿಮಾತಿನ ಲೆಕ್ಕವನ್ನು ಯಾರೂ ಒಪ್ಪುವುದಿಲ್ಲ. ಕ್ರಮಸಂಖ್ಯೆ, ದಿನಾಂಕ, ಹೆಸರು ಮತ್ತು ಮೊತ್ತ ಈ ನಾಲ್ಕೂ ಸರಿಯಿದ್ದರೆ ಮಾತ್ರ ವೋಚರು ಪುಸ್ತಕಕ್ಕೆ ಏರುತ್ತದೆ. ಹತ್ತು ರೂಪಾಯಿಯ ಖರ್ಚಿಗೆ ಕೇಳುವ ಈ ಪುರಾವೆಯನ್ನು, ಕೆಲಸಗಾರ ಕೈಯಿಟ್ಟಿರುವ ಯಂತ್ರ ‘ನಾನು ನಿಂತಿದ್ದೇನೆ’ ಎಂದಾಗಲೂ ಕೇಳಬೇಕು.